ನಿಮಗಿದು ಗೊತ್ತೇ? ಒಂದು ಮರ, ಒಂದು ಮನೆತನ, ಊರ ತುಂಬ ಸಸಿ

ಬಟ್ಟೆ ಕೊಂಡವರಿಗೆ ಒಂದೆರಡು ಒಗೆತದಲ್ಲಿ ಅದರ ಗುಣ ತಿಳಿಯುತ್ತದೆ. ತೆಂಗಿನ ಸಸಿ ಕೊಂಡವರು ಆರೇಳು ವರ್ಷ ಕಾಯಬೇಕು. ಅಷ್ಟು ವರ್ಷ ನೀರು, ಗೊಬ್ಬರ, ಜಾಗ ಎಲ್ಲ ಕೊಟ್ಟ ಮೇಲೆ ಮರ ಕೈಕೊಟ್ಟರೆ ಕಳೆದ ಕಾಲವನ್ನು ಯಾವ ನರ್ಸರಿಯೂ ತುಂಬಿಕೊಡಲಾರದು. ಆದ್ದರಿಂದಲೇ ಸಸಿ ಮಾಡುವ ಕಸುಬು ಬಹುಮಟ್ಟಿಗೆ ಮನೆತನಗಳ ಕೈಯಲ್ಲಿ ಉಳಿದು ಬಂದಿದೆ. ಅಪ್ಪ ಕೊಟ್ಟ ಗಿಡಕ್ಕೆ ಮಗ ಜವಾಬು ಹೇಳಬೇಕು, ಆ ಹೊತ್ತಿಗೂ ಅದೇ ಊರಿನಲ್ಲಿ ಸಿಗಬೇಕು. ನರ್ಸರಿಯ ಆಸ್ತಿ ಅಂದರೆ ನೆರಳುಬಲೆಯೂ ಅಲ್ಲ, ಪಂಪ್‌ಸೆಟ್ಟೂ ಅಲ್ಲ. ಒಂದು ಒಳ್ಳೆಯ ತಾಯಿಮರ, ಅದರ ಗುಣವನ್ನು ನೆನಪಿಟ್ಟುಕೊಂಡ ಒಂದು ಮನೆ. ದೇವರಾಯನದುರ್ಗದ ಸುತ್ತಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇದಕ್ಕೆ ಕಣ್ಣೆದುರಿಗಿನ ಸಾಕ್ಷಿಗಳಿವೆ.

● ಒಂದೇ ಒಂದು ಹಲಸಿನ ಮರದ ಸಲುವಾಗಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ರೈತ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡದ್ದು ನಿಮಗೆ ಗೊತ್ತೇ?

ಊರು ಗುಬ್ಬಿ ತಾಲ್ಲೂಕಿನ ಚೇಳೂರು. ಹಲಸಿನ ವ್ಯಾಪಾರಕ್ಕೆ ಮೊದಲಿನಿಂದ ಹೆಸರಾದ ಜಾಗ. ಅಲ್ಲಿನ ಸಿದ್ದಪ್ಪನವರು ನೆಟ್ಟಿದ್ದ ಒಂದು ಮರದ ಹಣ್ಣು ಬೇರೆಯದರಂತಿರಲಿಲ್ಲ. ನಮ್ಮ ಕಡೆ ಹಲಸು ಅಂದರೆ ಹತ್ತು, ಹದಿನೈದು, ಇಪ್ಪತ್ತು ಕಿಲೋ ತೂಗುವ ಕಾಯಿ. ಹೆಗಲ ಮೇಲೆ ಹೊತ್ತು ತಂದು, ಕೈಗೆ ಎಣ್ಣೆ ಹಚ್ಚಿಕೊಂಡು, ಮನೆಮಂದಿಯೆಲ್ಲ ಸುತ್ತ ಕೂತು ಬಿಡಿಸಬೇಕು. ಈ ಮರದ ಹಣ್ಣು ಸರಾಸರಿ ಎರಡೂವರೆ ಕಿಲೋ ಮಾತ್ರ. ಒಳಗೆ ತೊಳೆ ತಾಮ್ರಗೆಂಪು. ಕೆಂಪು ತೊಳೆಯ ಹಲಸನ್ನು ನಮ್ಮ ಜನ ಚಂದ್ರ ಹಲಸು ಅನ್ನುತ್ತಾರೆ. ಆದರೆ ಇಷ್ಟು ಚಿಕ್ಕ ಕಾಯಿ, ಇಷ್ಟು ಬಣ್ಣ, ಇಷ್ಟು ಸಿಹಿ ಒಂದೇ ಮರದಲ್ಲಿ ಸೇರುವುದು ಅಪರೂಪ. ಟೊಮ್ಯಾಟೊಗೆ ಕೆಂಪು ಕೊಡುವ ಲೈಕೋಪೀನ್ ಅನ್ನುವ ಅಂಶ ಇದರ ತೊಳೆಯಲ್ಲಿ ಮಾಮೂಲಿ ಹಲಸಿಗಿಂತ ಬಹಳ ಹೆಚ್ಚು ಎಂದು ಪರೀಕ್ಷೆಯಲ್ಲಿ ಕಂಡುಬಂತು.

ಪರೀಕ್ಷೆ ಮಾಡಿದವರು ತುಮಕೂರು ಪಕ್ಕದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು. ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆ. 2017ರಲ್ಲಿ ಸಂಸ್ಥೆ ಸಿದ್ದಪ್ಪನವರ ಮಗ ಪರಮೇಶ್ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಸಿಯ ತಾಂತ್ರಿಕ ನೆರವು ಸಂಸ್ಥೆಯದು, ಮರ ಕುಟುಂಬದ್ದು. ಸಸಿ ಮಾರಿ ಬಂದ ಹಣದಲ್ಲಿ ನೂರಕ್ಕೆ 75 ಭಾಗ ಕುಟುಂಬಕ್ಕೆ. ತಳಿಗೆ ಇಟ್ಟ ಹೆಸರು ‘ಸಿದ್ದು’, ಮರ ನೆಟ್ಟವರ ಹೆಸರು. ಆಗ ಆ ಮರಕ್ಕೆ ಸುಮಾರು 35 ವರ್ಷ. ಮೊದಲ ವರ್ಷದಲ್ಲೇ ಒಂದು ಮರದ ಸಸಿಗಳಿಂದ ಹತ್ತು ಲಕ್ಷ ರೂಪಾಯಿ ಬಂತೆಂದು ಪತ್ರಿಕೆಗಳು ಬರೆದವು.

ಹಣದ ಸುದ್ದಿ ದೊಡ್ಡದಾಯಿತು, ಆಗಬೇಕಾದದ್ದೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದಕ್ಕೆ ಮುಂಚಿನ ಮೂವತ್ತೈದು ವರ್ಷ. ಬದುವಿನ ಹಲಸಿಗೆ ನಾಟಾ ವ್ಯಾಪಾರಿಗಳು ಬೆಲೆ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ದಿನದ ಮಾತು. ಮಗಳ ಮದುವೆಗೆ, ಬೋರ್‌ವೆಲ್ ಕೊರೆಸುವುದಕ್ಕೆ ಎಷ್ಟೋ ಮನೆಗಳ ಹಲಸು ಹೀಗೆ ಉರುಳಿದೆ. ಈ ಮನೆಯವರು ಮರವನ್ನು ಉಳಿಸಿಕೊಂಡರು. ಉಳಿಸಿಕೊಂಡದ್ದರಿಂದಲೇ ವಿಜ್ಞಾನಿಗಳಿಗೆ ಪರೀಕ್ಷೆ ಮಾಡಲು ಒಂದು ಹಣ್ಣು ಸಿಕ್ಕಿತು.

● ಇಂಥದ್ದೇ ಇನ್ನೊಂದು ಕಥೆ ಇಂಗ್ಲೆಂಡಿನಲ್ಲಿ ನಡೆದಿದೆ. ಅಡುಗೆಗೆ ಹೆಸರಾದ ಅಲ್ಲಿನ ಬ್ರ್ಯಾಮ್ಲಿ ಸೇಬಿನ ತಾಯಿಮರವನ್ನು 1809ರಲ್ಲಿ ಸೌತ್‌ವೆಲ್ ಅನ್ನುವ ಊರಿನಲ್ಲಿ ಬೀಜ ಹಾಕಿ ಬೆಳೆಸಿದ್ದು ಮೇರಿ ಆನ್ ಬ್ರೇಲ್ಸ್‌ಫರ್ಡ್ ಅನ್ನುವ ಹುಡುಗಿ. ಆ ಮನೆ ಮುಂದೆ ಮ್ಯಾಥ್ಯೂ ಬ್ರ್ಯಾಮ್ಲಿ ಅನ್ನುವ ಕಟುಕರ ಪಾಲಾಯಿತು. 1856ರಲ್ಲಿ ನರ್ಸರಿ ಮನೆತನದ ಹದಿನೇಳರ ಹುಡುಗ ಹೆನ್ರಿ ಮೆರಿವೆದರ್ ಬಂದು ಕಸಿ ಕಡ್ಡಿ ಕೇಳಿದ. ‘ಒಯ್ಯಿ, ಆದರೆ ಹಣ್ಣಿಗೆ ನನ್ನ ಹೆಸರೇ ಇರಬೇಕು’ ಎಂದು ಬ್ರ್ಯಾಮ್ಲಿ ಷರತ್ತು ಹಾಕಿದರು. ಹಣ್ಣಿಗೆ ಹೆಸರು ಬಂದದ್ದು ಮನೆ ಕೊಂಡವರಿಂದ, ಬೀಜ ಹಾಕಿದ ಹುಡುಗಿಯಿಂದಲ್ಲ. ಚೇಳೂರಿನಲ್ಲಿ ನೆಟ್ಟವರ ಹೆಸರೇ ನಿಂತಿತು. ಇದು ನಮ್ಮ ಜಿಲ್ಲೆ ಹೆಮ್ಮೆ ಪಡಬೇಕಾದ ಸಂಗತಿ.

● ಸಿದ್ದು ಹಲಸಿನ ಬೀಜ ನೆಟ್ಟರೆ ಸಿದ್ದು ಹಲಸು ಬರುವುದಿಲ್ಲ. ಹಲಸಿನ ಒಂದೇ ಮರದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಬೇರೆ ಮರದ ಪರಾಗ ಬಂದು ಸೇರುವುದೇ ಹೆಚ್ಚು. ಹಾಗಾಗಿ ಪ್ರತಿ ಬೀಜವೂ ಹೊಸದೊಂದು ಮರ. ನಮ್ಮ ಬದುಗಳ ಮೇಲಿರುವ ಹಲಸು ಒಂದರಂತೆ ಇನ್ನೊಂದು ಇಲ್ಲದಿರುವುದು ಇದರಿಂದಲೇ. ತಾಯಿಯ ಗುಣ ಹಾಗೇ ಬೇಕೆಂದರೆ ಕಸಿಯೊಂದೇ ದಾರಿ.

● ಹಲಸಿನ ಬೀಜವನ್ನು ರಾಗಿಯಂತೆ ವರ್ಷಗಟ್ಟಲೆ ಕಾದಿಡಲೂ ಆಗದು. ಒಣಗಿದರೆ ಸಾಯುತ್ತದೆ. ಒಂದು ತಿಂಗಳು ಕಳೆದರೆ ಮೊಳೆಯುವ ಭರವಸೆ ಇಲ್ಲ. ತೊಳೆ ತಿಂದ ವಾರದೊಳಗೆ ಮಣ್ಣು ಸೇರಿಸಬೇಕು.

● ಕಸಿ ಕಟ್ಟುವುದನ್ನು ಹತ್ತಿರ ನಿಂತು ನೋಡಿದ್ದೀರಾ?

ಕೆಲಸ ಶುರುವಾಗುವುದು ಚಾಕು ಹಿಡಿಯುವುದಕ್ಕೆ ವಾರ ಹತ್ತು ದಿನ ಮುಂಚೆ. ತಾಯಿಮರದಲ್ಲಿ ಪೆನ್ಸಿಲ್ ದಪ್ಪದ ಕುಡಿಗಳನ್ನು ಆರಿಸಿ, ಎಲೆಗಳನ್ನು ತೊಟ್ಟು ಉಳಿಯುವಂತೆ ಕತ್ತರಿಸಿ, ಮರದಲ್ಲೇ ಬಿಡುತ್ತಾರೆ. ಎಲೆ ಇಲ್ಲದ ಕುಡಿಯ ತುದಿಯಲ್ಲಿ ಮೊಗ್ಗು ಉಬ್ಬಿ ಬರುತ್ತದೆ. ಒಣಗಿದ ತೊಟ್ಟು ಮುಟ್ಟಿದರೆ ಉದುರುವಂತಾದಾಗ ಕಡ್ಡಿ ಹದಕ್ಕೆ ಬಂತೆಂದು ಲೆಕ್ಕ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅದನ್ನು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಾರೆ.

ಅತ್ತ ಪಾಲಿಥೀನ್ ಚೀಲದಲ್ಲಿ ಬೀಜದಿಂದ ಎದ್ದ ಕಾಡು ಸಸಿ ಸಿದ್ಧವಾಗಿರುತ್ತದೆ. ಅದರ ತಲೆ ಹಾರಿಸಿ, ಕಾಂಡದ ನಡುವೆ ಸುಮಾರು ಒಂದೂವರೆ ಅಂಗುಲ ಸೀಳುತ್ತಾರೆ. ಕಸಿ ಕಡ್ಡಿಯ ಬುಡವನ್ನು ಎರಡು ಕಡೆಯಿಂದ ಚೂಪಾಗಿ ಹೆರೆದು ಆ ಸೀಳಿಗೆ ಇಳಿಸಬೇಕು. ಹೆರೆಯುವುದು ಒಂದೊಂದು ಕಡೆಗೆ ಒಂದೇ ಎಳೆತದಲ್ಲಿ ಮುಗಿಯಬೇಕು. ಮತ್ತೆ ಮತ್ತೆ ಕೆತ್ತಿದರೆ ಮೈ ಏರುಪೇರಾಗಿ ನಡುವೆ ಗಾಳಿ ಉಳಿಯುತ್ತದೆ. ಹಲಸಿನಲ್ಲಿ ಇನ್ನೊಂದು ತೊಂದರೆ ಮೇಣ. ಕೊಯ್ದ ಕೂಡಲೇ ಬೆಳ್ಳಗೆ ಒಸರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಸರು ನಿಂತ ಮೇಲೆ ಕೂಡಿಸುತ್ತಾರೆ. ಎರಡರ ದಪ್ಪ ಒಂದೇ ಇದ್ದರೆ ಸುಲಭ. ಇಲ್ಲದಿದ್ದರೆ ಒಂದು ಕಡೆಯಾದರೂ ಸಿಪ್ಪೆಗೆ ಸಿಪ್ಪೆ ತಾಗಬೇಕು. ಏಕೆಂದರೆ ಜೀವ ಹರಿಯುವುದು ಸಿಪ್ಪೆಯ ಕೆಳಗಿನ ತೆಳು ಹಸಿರು ಪದರದಲ್ಲಿ, ನಡುವಿನ ಕಟ್ಟಿಗೆಯಲ್ಲಿ ಅಲ್ಲ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ತೆಳು ಚೀಲದ ಟೋಪಿ ಹಾಕಿ ನೆರಳಿಗೆ ಇಡುತ್ತಾರೆ. ಮೂರು ನಾಲ್ಕು ವಾರಕ್ಕೆ ಮೊಗ್ಗು ಒಡೆಯುತ್ತದೆ.

ಒಣಗಾಳಿ ಬೀಸಿದರೆ, ಚಾಕು ಮೊಂಡಾದರೆ, ಕಟ್ಟು ಸಡಿಲವಾದರೆ ಕೂಡುವುದಿಲ್ಲ. ಹಲಸು ಮಾವಿನಷ್ಟು ಸುಲಭಕ್ಕೆ ಒಲಿಯುವ ಗಿಡವಲ್ಲ. ಈ ಕೆಲಸ ಪುಸ್ತಕ ಓದಿದರೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಕಲಿಯಬೇಕು. ಕುಟುಂಬದ ನರ್ಸರಿಗಳಲ್ಲಿ ಮಕ್ಕಳು ಮೊದಲು ಚೀಲಕ್ಕೆ ಮಣ್ಣು ತುಂಬುತ್ತಾರೆ, ಆಮೇಲೆ ಪಟ್ಟಿ ಸುತ್ತುತ್ತಾರೆ, ಕೊನೆಗೆ ಚಾಕು ಕೈಗೆ ಬರುತ್ತದೆ.

● ಸಿದ್ದು ಒಂಟಿಯಲ್ಲ. ಗುಬ್ಬಿ ತಾಲ್ಲೂಕಿನದೇ ಇನ್ನೊಂದು ಕೆಂಪು ತೊಳೆಯ ಹಲಸು ‘ಶಂಕರ’ ಎಂಬ ಹೆಸರಲ್ಲಿ ಹೊರಬಂದಿದೆ. ತುಮಕೂರು ತಾಲ್ಲೂಕಿನ ನಂದಿಹಳ್ಳಿಯ ರೈತರೊಬ್ಬರ ಹುಣಸೆ ಮರ ‘ಲಕ್ಷ್ಮಣ’ ತಳಿಯಾಗಿದೆ. ಎರಡನ್ನೂ ಗುರುತಿಸಿದ್ದು ಹಿರೇಹಳ್ಳಿಯವರೇ, ಎರಡಕ್ಕೂ ಮರ ಸಾಕಿದವರದೇ ಹೆಸರು.

● ಹಿರೇಹಳ್ಳಿಯ ಮಾತೃಸಂಸ್ಥೆ ಶುರುವಾದದ್ದು 1967ರಲ್ಲಿ. ಮೊದಲ ನಿರ್ದೇಶಕರು ಜಿ.ಎಸ್. ರಾಂಧಾವಾ.

● ದೇವರಾಯನದುರ್ಗದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟುವ ಎರಡು ಹೊಳೆಗಳು ಎರಡು ದಿಕ್ಕು ಹಿಡಿಯುತ್ತವೆ. ಜಯಮಂಗಲಿ ಬಡಗಣಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ನಿಂತು, ಮುಂದೆ ಕಾವೇರಿಯ ಪಾಲಾಗುತ್ತದೆ. ಗುಬ್ಬಿಯ ಅಡಿಕೆಗೂ ಕುಣಿಗಲ್ಲಿನ ತೆಂಗಿಗೂ ದುರ್ಗದ ಕಾಡಿಗೂ ಇರುವ ನಂಟು ಈ ನೀರಿನದು. ಬೆಟ್ಟದ ಮೇಲೆ ಮರ ಕಡಿಮೆಯಾದರೆ ಕೆಳಗಿನ ಬಾವಿಯಲ್ಲಿ ಗೊತ್ತಾಗುತ್ತದೆ.

● ಸುಮಾರು 3,900 ಅಡಿ ಎತ್ತರದ ಈ ದುರ್ಗಕ್ಕೆ ಹೆಸರು ಬಂದದ್ದು ಇದನ್ನು ಗೆದ್ದ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ. ಅವರ ಆಳ್ವಿಕೆ 1673ರಿಂದ 1704ರವರೆಗೆ. ಕ್ಷೇತ್ರದ ಹಳೆಯ ಹೆಸರು ಕರಿಗಿರಿ. ಬೆಟ್ಟದ ಕೆಳಗೆ ಭೋಗನರಸಿಂಹನ ಗುಡಿ, ಮೇಲೆ ಯೋಗನರಸಿಂಹನದು.

● ದುರ್ಗದ ಬುಡದ ನಾಮದ ಚಿಲುಮೆಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ನಾಮ ತೇಯಲು ನೀರು ಸಿಗದೆ ರಾಮ ಬಂಡೆಗೆ ಬಾಣ ಹೊಡೆದ, ಒರತೆ ಚಿಮ್ಮಿತು. ಪಕ್ಷಿತಜ್ಞ ಸಲೀಂ ಅಲಿ 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇಲ್ಲಿನ ಬಂಗಲೆಯಲ್ಲೇ ತಂಗಿದ್ದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಈಗ ಅಲ್ಲಿ ಜಿಂಕೆವನದ ಜತೆಗೆ ಅರಣ್ಯ ಇಲಾಖೆ ಬೆಳೆಸಿದ ಔಷಧಿ ಗಿಡಗಳೂ ಇವೆ.

ಬೆಟ್ಟದ ಬಂಡೆಗಳ ನಡುವೆ ಕಾಣುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಪಿಕಳಾರಗಳು ಹಣ್ಣು ತಿಂದು ಹಾರಿ, ಕೂತಲ್ಲಿ ಬೀಜ ಉದುರಿಸುತ್ತವೆ. ಆಲ, ಅತ್ತಿ, ಗೋಣಿ, ಬಸರಿ ಮರಗಳ ಸೂಕ್ಷ್ಮ ಬೀಜ ಹಕ್ಕಿಯ ಹೊಟ್ಟೆ ದಾಟಿ ಬಂದು ಬಂಡೆಯ ಬಿರುಕಿನಲ್ಲೂ ಮೊಳೆಯುತ್ತದೆ. ದುರ್ಗದ ಕಾಡನ್ನು ನೆಟ್ಟವರಲ್ಲಿ ಹಕ್ಕಿಗಳ ಪಾಲು ದೊಡ್ಡದು.

● ತೆಂಗಿಗೆ ಕಸಿ ಕಟ್ಟಲಾಗದು. ಮರಕ್ಕೆ ಒಂದೇ ಸುಳಿ, ಕೊಂಬೆಯಿಲ್ಲ, ಕಡ್ಡಿಯಿಲ್ಲ. ಕಲ್ಪತರು ನಾಡು ಅನ್ನಿಸಿಕೊಂಡ ನಮ್ಮ ಜಿಲ್ಲೆಯ ಅಷ್ಟೂ ತೆಂಗಿನ ತೋಟಗಳು ಕಾಯಿಯಿಂದಲೇ ಎದ್ದವು. ಅಂದಮೇಲೆ ಯಾವ ಮರದ ಕಾಯಿ ಅನ್ನುವುದೇ ಎಲ್ಲ. ಇಪ್ಪತ್ತು ವರ್ಷ ದಾಟಿದ, ವರ್ಷ ಬಿಟ್ಟು ವರ್ಷ ಕೈಕೊಡದೆ ಒಂದೇ ಸಮನೆ ಬಿಡುವ, ಎಂಬತ್ತಕ್ಕೆ ಕಡಿಮೆಯಿಲ್ಲದಂತೆ ಕಾಯಿ ಕೊಡುವ, ಕೊಡೆಯಂತೆ ಗರಿ ಹರಡಿದ, ಗೊನೆಯ ಕಾಂಡ ಗಿಡ್ಡಗೆ ದಪ್ಪಗಿರುವ ಮರವನ್ನು ಬಿತ್ತನೆಗೆ ಆರಿಸುತ್ತಾರೆ. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿಯೇ ಬೇಕು. ಎತ್ತರದ ಮರವಾದರೆ ಗೊನೆಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಗಟ್ಟಿ ನೆಲಕ್ಕೆ ಬಿದ್ದ ಕಾಯಿ ಒಳಗೆ ಬಿರುಕು ಬಿಟ್ಟಿರಬಹುದು. ಪಾತಿಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ನೀರಿನ ಸದ್ದು ಬಾರದಿದ್ದರೆ ಪಕ್ಕಕ್ಕೆ.

ಪಾತಿಯಲ್ಲಿ ಆರು ತಿಂಗಳಾದರೂ ಮೊಳೆಯದ ಕಾಯಿಯನ್ನು ಕಿತ್ತು ಕೊಬ್ಬರಿಗೋ ಸಾರಿಗೋ ಕಳಿಸುತ್ತಾರೆ. ಬೇಗ ಮೊಳೆತದ್ದು, ಬುಡ ದಪ್ಪಗಿರುವುದು, ಎಲೆ ಬೇಗ ಸೀಳಿಕೊಂಡದ್ದು ಒಳ್ಳೆಯ ಸಸಿ. ನಿಜವಾದ ನರ್ಸರಿಯವರು ಪಾತಿಯ ಅಷ್ಟೂ ಸಸಿಯನ್ನು ಎಂದೂ ಮಾರುವುದಿಲ್ಲ. ಮೊಳೆತದ್ದರಲ್ಲೇ ಒಂದಷ್ಟನ್ನು ಕಿತ್ತೆಸೆಯುವ ಧೈರ್ಯ ಇರುವವರ ಹತ್ತಿರ ಸಸಿ ಕೊಳ್ಳಿ.

● ಬಿತ್ತನೆ ಅಡಿಕೆಯನ್ನು ನೀರಿಗೆ ಹಾಕಿ ಆರಿಸುವುದು ಗೊತ್ತೇ? ಚೆನ್ನಾಗಿ ಹಣ್ಣಾದ ಗೋಟನ್ನು ನೀರು ತುಂಬಿದ ತೊಟ್ಟಿಗೆ ಹಾಕುತ್ತಾರೆ. ಕೆಲವು ಅಡ್ಡಡ್ಡ ತೇಲುತ್ತವೆ. ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲುವ ಹಣ್ಣುಗಳಿಂದಲೇ ಕಸುವಿನ ಸಸಿ ಏಳುತ್ತದೆ. ಪಾತಿಯಲ್ಲೂ ತೊಟ್ಟು ಮೇಲೆ ಮಾಡಿಯೇ ಊರಬೇಕು. ತೋಟಕ್ಕೆ ಹೋಗುವ ಹೊತ್ತಿಗೆ ಸಸಿಗೆ ಒಂದರಿಂದ ಒಂದೂವರೆ ವರ್ಷವಾಗಿರಬೇಕು. ಎತ್ತರಕ್ಕೆ ಮರುಳಾಗಬೇಡಿ: ಗಿಡ್ಡಗಿದ್ದು ಐದಾರು ಎಲೆ ಇರುವ ಸಸಿ ಉದ್ದಕ್ಕೆ ಸೊರಗಿದ್ದಕ್ಕಿಂತ ಮೇಲು.

● ಶ್ರೀಗಂಧದ ಸಸಿ ಕೊಳ್ಳುವಾಗ ಅದೇ ಚೀಲದಲ್ಲಿ ತೊಗರಿ ಗಿಡವೊಂದು ಕಂಡರೆ ಕಳೆ ಎಂದು ಕೀಳಬೇಡಿ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರದ ಒಂದು ಪಾಲನ್ನು ಅಲ್ಲಿಂದಲೇ ಹೀರುತ್ತದೆ. ನರ್ಸರಿಯಲ್ಲಿ ಆ ಸಾಕುತಾಯಿ ತೊಗರಿ, ಹೊಲಕ್ಕೆ ಹೋದ ಮೇಲೆ ದೊಡ್ಡದೊಂದು ಮರ ಬೇಕು.

1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ರೈತರ ಹೊಲದಲ್ಲಿ ಹುಟ್ಟಿದ ಗಂಧವೂ ದೊರೆಯದೇ ಆಯಿತು, ಆಮೇಲೆ ಸರ್ಕಾರದ್ದಾಯಿತು. 2001ರ ಕಾನೂನು ತಿದ್ದುಪಡಿ ಜಮೀನಿನವರಿಗೇ ಮರದ ಒಡೆತನ ಕೊಟ್ಟಿತು. ನರ್ಸರಿಗಳಲ್ಲಿ ಗಂಧದ ಸಸಿಗೆ ಗಿರಾಕಿ ಬಂದದ್ದು ಅಲ್ಲಿಂದೀಚೆಗೆ.

● ನಮ್ಮ ಸೀಮೆಯ ಅತಿ ಹಳೆಯ ನರ್ಸರಿ ಯಾವುದು? ಪ್ರತಿ ಮನೆಯ ಒಟ್ಲು. ಭತ್ತಕ್ಕಾಗಲಿ, ನಾಟಿ ರಾಗಿಗಾಗಲಿ, ಮೆಣಸಿನಕಾಯಿಗಾಗಲಿ ಬಾವಿಯ ಪಕ್ಕ ಸಣ್ಣ ಮಡಿ ಮಾಡಿ, ಬೂದಿ ಗೊಬ್ಬರ ಬೆರೆಸಿ, ಒಟ್ಲು ಬಿಟ್ಟು ಪೈರು ಎಬ್ಬಿಸುವ ಕೆಲಸ. ಹೆಚ್ಚಿನ ಮನೆಗಳಲ್ಲಿ ಇದನ್ನು ನೋಡಿಕೊಂಡವರು ಹೆಂಗಸರು. ಬದನೆ, ಟೊಮ್ಯಾಟೊ ಪೈರು ಮಿಕ್ಕಿದರೆ ಪಕ್ಕದ ಮನೆಗೆ ಕೊಡುತ್ತಿದ್ದರು, ಸಂತೆಗೆ ಒಯ್ಯುತ್ತಿದ್ದರು. ಎಷ್ಟೋ ತರಕಾರಿ ನರ್ಸರಿಗಳ ಬೇರು ಈ ಮಿಕ್ಕ ಪೈರಿನಲ್ಲಿದೆ.

● ತೊಂಬತ್ತೆಂಟು. ತರಕಾರಿ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇಯಲ್ಲಿ ಸಾಮಾನ್ಯವಾಗಿ ಇರುವ ಗುಳಿಗಳು ಅಷ್ಟು. ಒಂದು ಗುಳಿಗೆ ಒಂದು ಬೀಜ. ತುಂಬುವುದು ಮಣ್ಣನ್ನಲ್ಲ, ತೆಂಗಿನ ನಾರಿನ ಪುಡಿಯನ್ನು. ಒಂದು ಕಾಲಕ್ಕೆ ನಾರಿನ ಕಾರ್ಖಾನೆಗಳ ಹಿಂದೆ ಬೆಟ್ಟದಂತೆ ಬಿದ್ದು, ಬೇಸಿಗೆಯಲ್ಲಿ ಬೆಂಕಿ ಹತ್ತಿ ಹೊಗೆಯಾಡುತ್ತಿದ್ದ ಕಸ ಇದು. ಕೋಕೋಪೀಟ್ ಅನ್ನುವ ಹೆಸರಲ್ಲಿ ಈಗ ಇಟ್ಟಿಗೆಯಾಗಿ ಒತ್ತಿ ಹೊರದೇಶಕ್ಕೂ ಹೋಗುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವುದು ಇದರ ಗುಣ. ಉಪ್ಪಿನಂಶ ಇರುವುದರಿಂದ ತೊಳೆದು ಬಳಸಬೇಕು.

● ಲಾಲ್‌ಬಾಗಿನ ಮಾತಿಲ್ಲದೆ ನಮ್ಮ ನರ್ಸರಿಗಳ ಇತಿಹಾಸ ಪೂರ್ತಿಯಾಗದು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟಕ್ಕೆ ಟಿಪ್ಪು ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್ಸಿನಿಂದ ಬೀಜ, ಗಿಡ ತರಿಸಿದ. 1874ರಲ್ಲಿ ತೋಟದ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಸೀಮೆಬದನೆ ನಮ್ಮ ಅಡುಗೆಮನೆ ಸೇರಿತು. ತಮಿಳರು ಇಂದಿಗೂ ಅದನ್ನು ಬೆಂಗಳೂರು ಕತ್ತರಿಕಾಯಿ ಅನ್ನುತ್ತಾರೆ. ಆಮೇಲೆ ಜರ್ಮನಿಯ ಕ್ರುಂಬಿಗಲ್, 1932ರಲ್ಲಿ ಅವರ ಜಾಗಕ್ಕೆ ಎಚ್.ಸಿ. ಜವರಾಯ.

ಅಧಿಕಾರಿಗಳ ಹೆಸರು ಕಲ್ಲಿನ ಮೇಲೆ ಉಳಿಯಿತು. ಮಣ್ಣು ಮುಟ್ಟಿ ಗಿಡ ಎಬ್ಬಿಸಿದ ತಿಗಳ ಮನೆತನಗಳ ಹೆಸರು ಹಾಗೆ ಉಳಿಯಲಿಲ್ಲ. ಬೆಂಗಳೂರಿನಲ್ಲೂ ತುಮಕೂರಿನಲ್ಲೂ ಹೂವು, ತರಕಾರಿ, ಸಸಿಯ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಅವರು. ಕರಗದ ಹೊತ್ತಿನಲ್ಲಿ ಪತ್ರಿಕೆಗಳು ಅವರನ್ನು ನೆನೆಯುತ್ತವೆ. ಅವರ ತೋಟದ ತಿಳಿವಳಿಕೆಯನ್ನು ಯಾರಾದರೂ ಕೂತು ಬರೆದಿಡಬೇಕೆಂಬುದು ನನ್ನ ಬಹುದಿನದ ಆಸೆ.

● ಆಗಸ್ಟ್ 8 ಕರ್ನಾಟಕದಲ್ಲಿ ತೋಟಗಾರಿಕೆ ದಿನ. ರಾಜ್ಯದ ತೋಟಗಾರಿಕೆ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಮರಿಗೌಡರು 1916ರಲ್ಲಿ ಹುಟ್ಟಿದ ದಿನ ಅದು. ಹಾರ್ವರ್ಡಿನಲ್ಲಿ ಓದಿ ಬಂದ ಅವರು ಜಿಲ್ಲೆ ಜಿಲ್ಲೆಗೂ ಸರ್ಕಾರಿ ತೋಟಗಾರಿಕಾ ಕ್ಷೇತ್ರಗಳನ್ನು ಮಾಡಿಸಿದರು. ಸಣ್ಣ ರೈತನಿಗೂ ನಂಬಿಕೆಯ ಸಸಿ ಕೈಗೆಟುಕುವ ಬೆಲೆಗೆ ಸಿಗಬೇಕೆಂಬುದು ಅದರ ಹಿಂದಿದ್ದ ಯೋಚನೆ. ಖಾಸಗಿ ನರ್ಸರಿಯವರು ಒಂದೇ ಕಡೆ ಗಿಡ ಮಾರಲು ಲಾಲ್‌ಬಾಗಿನಲ್ಲೇ ಸಹಕಾರ ಸಂಘ ಹುಟ್ಟಿದ್ದೂ ಅವರ ಕಾಲದಲ್ಲಿ.

● ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ ಅನ್ನುವುದು ಗೊತ್ತೇ? ಮದುವೆಯಾಗಿ ಹೋದದ್ದು ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಅವರನ್ನು ಮರ ನೆಟ್ಟವರು ಎಂದು ಎಲ್ಲರೂ ಹೊಗಳುತ್ತೇವೆ. ಅದಕ್ಕೂ ಮುಂಚೆ ಅವರು ಸಸಿ ಮಾಡಿದವರು. ಊರ ಹತ್ತಿರದ ಆಲದ ಮರಗಳಿಂದ ಸಸಿ ಎಬ್ಬಿಸಿ, ಮೊದಲ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20 ಎಂದು ಗಂಡ ಚಿಕ್ಕಯ್ಯನವರ ಜತೆ ಹುಲಿಕಲ್–ಕುದೂರು ರಸ್ತೆಯ ಪಕ್ಕ ನೆಟ್ಟರು. ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಕೂಲಿ ಮಾಡಿ ಬದುಕುತ್ತಿದ್ದ ದಂಪತಿ ಅವರು. ಹೀಗೆ ಬೆಳೆದ ಆಲಗಳು 385. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರೂ ಹೋದರು.

ಆ ಲೆಕ್ಕವನ್ನು ಗಮನಿಸಿ: ಹತ್ತು, ಹದಿನೈದು, ಇಪ್ಪತ್ತು. ಎಷ್ಟಕ್ಕೆ ನೀರು ಹೊರಬಲ್ಲೆವೋ ಅಷ್ಟೇ ಸಸಿ. ಒಂದೇ ದಿನಕ್ಕೆ ಲಕ್ಷ ಗಿಡ ನೆಡುವ ಸಮಾರಂಭಗಳಲ್ಲಿ ಈ ಲೆಕ್ಕ ಯಾರಿಗೂ ಬೇಡವಾಗುತ್ತದೆ, ಮುಂದಿನ ಬೇಸಿಗೆಯಲ್ಲಿ ಗುಂಡಿಗಳು ಖಾಲಿ ಉಳಿಯುತ್ತವೆ.

● ಬದುಕಿದ ಗಿಡಕ್ಕೆ ಮಾತ್ರ ಹಣ ಕೊಡುವ ಸರ್ಕಾರಿ ಯೋಜನೆಯೊಂದಿದೆ. 2011–12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಒಯ್ದು ನೆಟ್ಟ ರೈತರಿಗೆ, ಉಳಿದ ಪ್ರತಿ ಗಿಡಕ್ಕೆ ಒಂದು ಹಂತದಲ್ಲಿ ಮೂರು ವರ್ಷಕ್ಕೆ 30, 30, 40 ರೂಪಾಯಿಯಂತೆ ಕೊಡುತ್ತಿದ್ದರು. ಮುಂದೆ ಮೊತ್ತ ಹೆಚ್ಚಿತು. ಸಾಧ್ಯವಿರುವವರು ಬಳಸಿಕೊಳ್ಳಿ.

● ಕರ್ನಾಟಕದ ನರ್ಸರಿಗಳಿಗೆ ಲಾರಿಗಟ್ಟಲೆ ಗಿಡ ಬರುವುದು ಆಂಧ್ರದ ಗೋದಾವರಿ ದಡದ ಕಡಿಯಂ ಕಡೆಯಿಂದ. ರಾಜಮಹೇಂದ್ರವರಕ್ಕೆ ಹತ್ತಿರದ ಆ ಊರುಗಳಲ್ಲಿ ಹೊಳೆಯ ಮೆಕ್ಕಲು ಮಣ್ಣಿದೆ, ನೀರಿದೆ, ಮನೆಮನೆಗೂ ನರ್ಸರಿ. ಅಲ್ಲಿನ ಕುಟುಂಬಗಳ ದುಡಿಮೆ, ಕೈಚಳಕ ಎರಡೂ ದೊಡ್ಡವು. ಅಲಂಕಾರದ ಗಿಡಕ್ಕೆ, ಹೂಗಿಡಕ್ಕೆ ಅಲ್ಲಿಂದ ತಂದರೆ ತೊಂದರೆಯಿಲ್ಲ. ಆದರೆ ಹಣ್ಣಿನ ಗಿಡದ ಮಾತು ಬೇರೆ. ನಾಲ್ಕು ಕೈ ದಾಟಿ ಬಂದ ಸಸಿಯ ತಾಯಿಮರ ಯಾವುದೆಂದು ಮಾರುವವರಿಗೇ ತಿಳಿದಿರುವುದಿಲ್ಲ, ಚೀಟಿಯ ಮೇಲಿನ ಹೆಸರೊಂದೇ ಆಧಾರ. ನಮ್ಮ ಕೆಂಪುಮಣ್ಣು, ನಮ್ಮ ಮಳೆ ಕಂಡ ಮರದಿಂದ ಬಂದ ಸಸಿ ಸಿಗುವಾಗ ಅದನ್ನೇ ಒಯ್ಯುವುದು ಜಾಣತನ.

● ಕಸಿ ಗಿಡ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಎಲೆಯನ್ನಲ್ಲ, ಗಂಟನ್ನು. ಕಸಿ ಕೂಡಿದ ಜಾಗ ನುಣ್ಣಗೆ, ಎರಡು ಕಡೆಯ ದಪ್ಪ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದು ಕಾಂಡವನ್ನು ಕೊರೆಯುತ್ತಿದ್ದರೆ ಆ ಗಿಡ ಬೇಡ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೂ ಬೇಡ. ನೆಡುವಾಗ ಗಂಟು ಮಣ್ಣಿನ ಮೇಲೆಯೇ ಇರಲಿ. ನೆಟ್ಟ ಮೇಲೆ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ಚಿವುಟಿ. ಬಿಟ್ಟರೆ ಕಾಡು ಸಸಿಯೇ ಮೇಲುಗೈ ಪಡೆದು, ಕಸಿಯ ಕುಡಿ ಸತ್ತು, ಹತ್ತು ವರ್ಷದ ಮೇಲೆ ಯಾವುದೋ ಹಣ್ಣು ಬಿಡುತ್ತದೆ. ನರ್ಸರಿಯವರಿಗೆ ಬರುವ ಬೈಗುಳದಲ್ಲಿ ಅರ್ಧ ಈ ಚಿಗುರಿನದು.

ತಾಯಿಮರವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕುಟುಂಬದ ನರ್ಸರಿಯಾದರೆ ಆ ಮರ ಮನೆಯ ಹಿತ್ತಲಲ್ಲೋ ತೋಟದಲ್ಲೋ ಇರುತ್ತದೆ, ಖುಷಿಯಿಂದ ಕರೆದೊಯ್ದು ತೋರಿಸುತ್ತಾರೆ. ರಸೀದಿಯಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ.

● ರೈತರು ತಾವು ಉಳಿಸಿ ಬೆಳೆಸಿದ ತಳಿಯನ್ನು ತಮ್ಮ ಹೆಸರಲ್ಲೇ ನೋಂದಾಯಿಸಬಹುದು ಅನ್ನುವುದು ಗೊತ್ತೇ? 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಮರ, ಬಳ್ಳಿಗಳಿಗೆ 18 ವರ್ಷ, ಬೇರೆ ಬೆಳೆಗಳಿಗೆ 15 ವರ್ಷ ರಕ್ಷಣೆ. ರೈತರ ತಳಿಗೆ ನೋಂದಣಿ ಶುಲ್ಕವಿಲ್ಲ.

ನಿಮ್ಮ ಹೊಲದ ಬದುವಿನಲ್ಲಿ, ಊರ ಗುಂಡುತೋಪಿನಲ್ಲಿ, ಅಜ್ಜಿಯ ಹಿತ್ತಲಲ್ಲಿ ಎಲ್ಲರೂ ಹುಡುಕಿಕೊಂಡು ಬರುವ ಒಂದು ಹಲಸೋ ಹುಣಸೆಯೋ ನೇರಳೆಯೋ ಮಾವೋ ಇದ್ದರೆ ಈ ವರ್ಷವೇ ಒಂದು ನೋಟ್‌ಬುಕ್ ಇಡಿ. ಯಾವ ತಿಂಗಳು ಹೂ ಕಟ್ಟಿತು, ಮೊದಲ ಹಣ್ಣು ಎಂದು ಬಂತು, ಎಷ್ಟು ಕಾಯಿ, ಒಂದೊಂದರ ತೂಕವೇನು, ತೊಳೆಯ ಬಣ್ಣವೇನು, ನೆಟ್ಟವರು ಯಾರು, ಮರಕ್ಕೆ ಎಷ್ಟು ವರ್ಷ. ಹಣ್ಣು ಕೊಯ್ದ ದಿನವೇ ಫೋಟೊ ತೆಗೆಯಿರಿ, ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಡಿ. ಎರಡು ಹಂಗಾಮಿನ ಲೆಕ್ಕ ಕೈಯಲ್ಲಿದ್ದರೆ ಹಿರೇಹಳ್ಳಿಯ ಕೇಂದ್ರಕ್ಕೆ ಒಂದು ಹಣ್ಣಿನ ಸಮೇತ ಹೋಗಿ ಬನ್ನಿ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ.